ಸುದ್ದಿ ಏನೂ ಇಲ್ಲ

ಒಮಾನಿನ ದುಕ್ಮ್ ಬಂದರಿನ ಕೆಲಸಕ್ಕೆ ಬಂದ ಮೇಲೆ ನನಗೊಂದು ಹುಚ್ಚು ಹಿಡಿದಿತ್ತು. ಕರೆಂಟು, ಫೋನುಗಳ ಗೊಡವೆಯಿಲ್ಲದೆ ಆಡು, ಒಂಟೆ ಸಾಕಿಕೊಂಡಿರುವ ಮರಳುಗಾಡಿನ ಕುಟುಂಬವೊಂದನ್ನು ನೋಡಲೇಬೇಕು ಎಂದು. ಆಫೀಸಿನ ಒಮಾನಿ ಗೆಳೆಯನಿಗೆ ಅಂಥವರ ಪರಿಚಯವಿತ್ತು. ಏಪ್ರಿಲಿನ ಒಂದು ಶುಕ್ರವಾರ, ಬೇಡವೆಂದ ಹೆಂಡತಿಯನ್ನೂ ಹೊರಡಿಸಿದೆ.

ಅರ್ಧ ಗಂಟೆ ನಡೆದರೆ ಡೇರೆ ಎನ್ನುವಲ್ಲಿ ಗಾಡಿ ಉಪ್ಪುಕೆಸರಿನಲ್ಲಿ ಹೂತುಹೋಯಿತು. ಎಂಜಿನ್ ಕಾದು ನಿಂತಿತು. ಫೋನಿಗೆ ಸಿಗ್ನಲ್ ಇಲ್ಲ. ಹೆಂಡತಿಗೆ ಮಂಡಿನೋವು, ನಡೆಯಲಾರಳು. ಗಾಡಿಯ ನೆರಳಿನಲ್ಲಿ ಅವಳನ್ನು ಕೂರಿಸಿ, ಇದ್ದ ಒಂದೇ ಬಾಟಲಿ ನೀರು ಕೊಟ್ಟು ನಾನೂ ಗೆಳೆಯನೂ ಹೊರಟೆವು. ನಾನು ಓಡಿದ್ದೇ ಹೆಚ್ಚು.

ಡೇರೆಯ ಮುದುಕ ಕೈಕುಲುಕಿ, ಚಾಪೆಯ ಮೇಲೆ ಕೂರಿಸಿ ಕೇಳಿದ: "ಏನು ಸುದ್ದಿ?"

ಗೆಳೆಯ ಹೇಳಿದ: "ಸುದ್ದಿ ಏನೂ ಇಲ್ಲ. ಎಲ್ಲ ಒಳ್ಳೆಯದೇ."

ಅಷ್ಟು ಅರಬ್ಬಿ ನನಗೂ ಗೊತ್ತಿತ್ತು. ಮೈಯೆಲ್ಲ ಉರಿದುಹೋಯಿತು. ಅಲ್ಲಿ ಬಿಸಿಲಿನಲ್ಲಿ ನನ್ನ ಹೆಂಡತಿ, ಇಲ್ಲಿ ಇವನಿಗೆ ಎಲ್ಲ ಒಳ್ಳೆಯದು! ಬಾಯಿ ತೆರೆದರೆ ಗೆಳೆಯ ನನ್ನ ಮೊಣಕಾಲು ಒತ್ತಿ, "ಥೋಡಾ ಸಬರ್ ಕರೋ" ಎಂದು ತಾಳಿಕೊಳ್ಳಲು ಹೇಳಿದ. ಖರ್ಜೂರ ಬಂತು. ಕಾಫಿ ಬಂತು. ಮಳೆಯ ಮಾತಾಯಿತು, ಆಡುಗಳ ಮಾತಾಯಿತು. ನಾನು ಒಂದೇ ಗುಟುಕಿಗೆ ಮುಗಿಸಿದೆ, ಬಟ್ಟಲು ಮತ್ತೆ ತುಂಬಿತು. ನೋಡಲೆಂದು ಇಷ್ಟು ದೂರ ಬಂದ ಸರಳ ಬದುಕಿನ ಮೇಲೆ ಆಗ ನನಗೆ ಹೇಸಿಗೆಯೇ ಹುಟ್ಟಿತ್ತು.

ಎರಡನೇ ಬಟ್ಟಲು ಮುಗಿದಾಗ ಮುದುಕ ಮತ್ತೆ ಕೇಳಿದ: "ಈಗ ಹೇಳು."

ಗೆಳೆಯ ಹೇಳಿದ. ಗಾಡಿ ಎಲ್ಲಿ ಎಂದು ಮುದುಕ ಕೇಳಿದ್ದೇ ತಡ, ನಾನು ಎದ್ದು ಕೈ ತೋರಿಸಿದೆ. ಗೆಳೆಯ ತಲೆಯಾಡಿಸಿ, ನಾವು ದಾಟಿಬಂದ ಒಣಗಿದ ಮರವನ್ನೂ ಎಡಕ್ಕೆ ಸಿಕ್ಕ ಕಲ್ಲುಗುಡ್ಡವನ್ನೂ ನೆನಪಿಸಿಕೊಂಡು ಬೇರೆಯೇ ದಿಕ್ಕು ಹೇಳಿದ. ಅವನ ಮಾತು ಮುಗಿಯುವ ಮೊದಲೇ ಮುದುಕ ಎದ್ದಿದ್ದ. ಡೇರೆಯ ಹಿಂದೆ ನಿಂತಿದ್ದ ಅವನ ಪಿಕಪ್ ಹೋಯಿತು. ನನಗೆ ಅದರಲ್ಲಿ ಜಾಗ ಕೊಡಲಿಲ್ಲ.

"ಓಡಿ ಬಂದವನು ತಪ್ಪು ದಾರಿ ಹೇಳ್ತಾನೆ. ಅದಕ್ಕೇ ಇವರು ಮೊದಲು ಸುಧಾರಿಸಿಕೊಳ್ಳೋಕೆ ಬಿಡ್ತಾರೆ," ಎಂದ ಗೆಳೆಯ ತನ್ನ ಹಿಂದಿಯಲ್ಲಿ. ಪಿಕಪ್ ಹೋದ ದಿಕ್ಕನ್ನೇ ನೋಡುತ್ತ ಕುಳಿತೆ. ನನ್ನ ಕೈ ತೋರಿಸಿದ್ದು ಬರಿ ಬಯಲನ್ನು.

ಹೆಂಡತಿ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಬಂದಳು, ಮುಖ ಕೆಂಪಗೆ. ಇಳಿದವಳೇ ನನ್ನ ಬಟ್ಟಲು ನೋಡಿದಳು.

"ನಾ ಅಲ್ಲಿ ಸಾಯಾಕತ್ತೀನಿ, ನೀವು ಕಾಫಿ ಕುಡಕೋತ ಕುಂತೀರೇನ್ರಿ?"

ಬಟ್ಟಲು ಕೆಳಗಿಟ್ಟೆ. ಮುದುಕನ ಹೆಂಡತಿ ಅವಳನ್ನು ಒಳಗೆ ಕರೆದುಕೊಂಡು ಹೋಗಿ, ನೀರು ಕೊಟ್ಟು, ಮಂಡಿಗೆ ಬಿಸಿ ಎಣ್ಣೆ ತಿಕ್ಕಿದಳು. ನಾವು ಯಾರು, ಯಾಕೆ ಬಂದೆವು ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಸಂಜೆ ಅದೇ ಪಿಕಪ್ಪಿನಲ್ಲಿ ದುಕ್ಮ್ ಮುಟ್ಟುತ್ತಲೇ ಧಾರವಾಡದಿಂದ ಅವ್ವನ ಫೋನ್.

"ಏನಪಾ, ಏನ್ ಸುದ್ದಿ?"

"ಏನಿಲ್ಲವ್ವಾ, ಎಲ್ಲಾ ಆರಾಮ."

ಹೆಂಡತಿ ತಿರುಗಿ ನನ್ನನ್ನೇ ನೋಡಿದಳು. ಅವ್ವ ಎಂದಿನಂತೆ ಬಿಸಿಲಿನ ಮಾತಾಡಿದಳು, ರೊಟ್ಟಿಯ ಮಾತಾಡಿದಳು. ಆಮೇಲೆ, "ಹೂಂ, ಈಗ ಹೇಳು. ಏನಾತು?" ಎಂದಳು.