ನಿಮ್ಮ ಅಜ್ಜ ಯಾವ ಊರಿನವರು?

1983ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಕ್ಲಾಸು ಪಾಸಾಗಿತ್ತು, ಎಂಟಕ್ಕೆ ಹೋಗಲಿಲ್ಲ. ಕುಂದಾಪುರದಿಂದ ದಿಲ್ಲಿಗೆ ಬಂದು ಸರೋಜಿನಿ ನಗರದ ಒಂದು ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತೆ. (ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ. ಇನ್ನೂ ಹೇಳುತ್ತೇನೆ. ನಾಚಿಕೆಪಡುವ ವಿಷಯವೇ?)

ಹಾಗಿರುವಾಗ, ಹೋದ ತಿಂಗಳು ಒಂದು ಶಾಲೆಯ ಎಂಟನೇ ಕ್ಲಾಸೇ ನನ್ನ ಹೋಟೆಲಿಗೆ ಬರುತ್ತದೆ ಎಂದರೆ ಹೇಗಾಗಿರಬೇಡ?

ಕರೆತಂದವರು ವಿದ್ಯಾ ಮೇಡಂ. ಮೈಸೂರಿನವರು, ಇಲ್ಲೇ ದಿಲ್ಲಿ ಪಕ್ಕದ ಇಂದಿರಾಪುರಂನ ಶಾಲೆಯಲ್ಲಿ ಇತಿಹಾಸ ಕಲಿಸುತ್ತಾರೆ. ಭಾನುವಾರದ ತಿಂಡಿ ನಮ್ಮಲ್ಲೇ.

"ಶೆಟ್ರೇ, ನಮ್ಮ ಏರಿಯಾದಲ್ಲಿರೋ ಸಣ್ಣ ಸಣ್ಣ ಸಮುದಾಯಗಳ ಚರಿತ್ರೆ ಯಾವ ಪಾಠಪುಸ್ತಕದಲ್ಲೂ ಇಲ್ಲ. ಮಕ್ಕಳೇ ಹೋಗಿ ಕೇಳಿ ಬರೀಬೇಕು ಅಂತ ಪ್ರಾಜೆಕ್ಟ್. ನಿಮ್ಮಿಂದಲೇ ಶುರು ಮಾಡ್ತೀವಿ."

ನಾನೂ ಒಂದು ಅಲ್ಪಸಂಖ್ಯಾತ ಸಮುದಾಯ ಎಂದು ನನಗೆ ಗೊತ್ತಾದದ್ದು ಅವತ್ತೇ. ಇಲ್ಲಿಯವರೆಗೆ ನಾನು ಬರೀ ಮದ್ರಾಸಿ.

ಶನಿವಾರ ಮಕ್ಕಳು ಬಂದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿ ಗಲ್ಲಾ ಬಿಟ್ಟು ಟೇಬಲ್ಲಿಗೆ ಬಂದು ಕೂತಿದ್ದೆ. ಅನನ್ಯಾ ಎಂಬ ಹುಡುಗಿ ಮೊಬೈಲಿನಲ್ಲಿ ವಿಡಿಯೋ ಹಿಡಿದು ಹಿಂದಿಯಲ್ಲಿ ಶುರು ಮಾಡಿದಳು. ನಿಮ್ಮ ಹೆಸರು? ಹುಟ್ಟಿದ್ದೆಲ್ಲಿ? ನಿಮ್ಮ ಅಜ್ಜ ಯಾವ ಊರಿನವರು? ಇಲ್ಲಿಗೆ ಯಾವಾಗ ಬಂದಿರಿ?

ಕೇಳಬೇಕೆ? ಅರ್ಧ ಗಂಟೆ ಮಾತಾಡಿದೆ. ಅಜ್ಜನ ಬಗ್ಗೆ ನನಗೇ ಗೊತ್ತಿಲ್ಲದ್ದನ್ನೂ ಹೇಳಿರಬೇಕು.

ಅಷ್ಟರಲ್ಲಿ ಹಿತ್ತಲಿನಿಂದ ಹೊಗೆ ಬಂತು. ಮಕ್ಕಳು ಅತ್ತ ಓಡಿದರು.

ಅವತ್ತು ಕಲಾಯಿ ಹಾಕುವ ದಿನ. ನಾನು ಇವತ್ತಿಗೂ ಸಾಂಬಾರು ಮಾಡುವುದು ಹಿತ್ತಾಳೆ ಕೊಪ್ಪರಿಗೆಯಲ್ಲಿ. ಒಳಗೆ ತವರದ ಲೇಪ ಇಲ್ಲದಿದ್ದರೆ ಹುಣಸೆ ಹುಳಿ ಬಿದ್ದು ಕಿಲುಬು ಏಳುತ್ತದೆ. ಅದಕ್ಕೇ ಕಲಾಯಿವಾಲಾ ಭಾಯ್ ಇಪ್ಪತ್ತು ವರ್ಷದಿಂದ ಬರುತ್ತಿದ್ದಾರೆ. ಕೊಪ್ಪರಿಗೆ ಕಾಯಿಸಿ, ನವಸಾಗರ ಎರಚಿ, ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿ. ಮಕ್ಕಳು ಬಾಯಿ ಬಿಟ್ಟು ನೋಡಿದರು. ನಾಲ್ಕು ಕೊಪ್ಪರಿಗೆಗಳಲ್ಲಿ ಎರಡು ಮುಗಿದಿತ್ತು.

"ಮೇಡಂ, ಇವರದ್ದೂ ತಗೊಳ್ಳೋಣ," ಎಂದಳು ಅನನ್ಯಾ. ಮೊಬೈಲ್ ಎತ್ತಿ ಅದೇ ಪ್ರಶ್ನೆ ಕೇಳಿದಳು. ಹೆಸರು? ಹುಟ್ಟಿದ್ದೆಲ್ಲಿ? ಅಜ್ಜ ಯಾವ ಊರಿನವರು? ಇಲ್ಲಿಗೆ ಯಾವಾಗ ಬಂದಿರಿ?

ಭಾಯ್ ನನ್ನ ಮುಖ ನೋಡಿದರು. ಬೆಂಕಿ ಊದುತ್ತಿದ್ದ ತಿದಿ ನಿಲ್ಲಿಸಿದರು. "ಇದ್ದಿಲು ಮುಗೀತು, ಶೆಟ್ಟಿ ಭಾಯ್," ಎಂದು ಸಾಮಾನು ಕಟ್ಟಿ ಸೈಕಲ್ ಏರಿ ಹೋಗಿಬಿಟ್ಟರು.

ಇದ್ದಿಲಿನ ಚೀಲ ಇನ್ನೂ ಅರ್ಧ ತುಂಬಿತ್ತು.

ಆಮೇಲೆ ಫೋನ್ ಮಾಡಿದರೆ ಎತ್ತಲೇ ಇಲ್ಲ. ಮೂರ್ನಾಲ್ಕು ದಿನ ನೋಡಿ ನಾನೇ ಹಿಂಡನ್ ನದಿಯ ಆಚೆ ಅವರ ಮನೆಗೆ ಹೋದೆ. ಚಹಾ ಕೊಟ್ಟರು. ಸಿಟ್ಟೇನೂ ಇರಲಿಲ್ಲ.

"ಮಕ್ಕಳು, ಭಾಯ್. ಶಾಲೆಯ ಪ್ರಾಜೆಕ್ಟು," ಎಂದೆ.

"ಗೊತ್ತು. ಆದರೆ ಹೋದ ತಿಂಗಳು ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನಲ್ಲಿ ಇಬ್ಬರು ನಿಲ್ಲಿಸಿ ಇದನ್ನೇ ಕೇಳಿದರು. ಹೀಗೇ ಮೊಬೈಲ್ ಹಿಡಿದು. ಹೆಸರು ಹೇಳಿದ ಮೇಲೆ ಅಜ್ಜನದ್ದು ಕೇಳಿದರು. ಇಲ್ಲಿಯವನೇ ಅನ್ನುವುದಕ್ಕೆ ಕಾಗದ ತೋರಿಸು ಅಂದರು. ಆ ವಿಡಿಯೋ ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಕಡೆ ಕೆಲಸಕ್ಕೆ ಹೋಗುವುದನ್ನೇ ಬಿಟ್ಟೆ."

ನಾನು ಚಹಾ ಕುಡಿದೆ. ಅದೇ ಪ್ರಶ್ನೆಗೆ ನಾನು ಅಂಗಿ ಇಸ್ತ್ರಿ ಮಾಡಿಸಿಕೊಂಡು ಕೂತಿದ್ದೆನಲ್ಲ?

ವಿದ್ಯಾ ಮೇಡಂಗೆ ಹೇಳಿದೆ. ಅವರು ಇಡ್ಲಿ ತಟ್ಟೆ ಪಕ್ಕಕ್ಕೆ ಸರಿಸಿದರು. "ಆ ಪ್ರಶ್ನೆ ಮಕ್ಕಳಿಗೆ ಬರೆಸಿದ್ದು ನಾನೇ, ಶೆಟ್ರೇ. ಭಾಯ್ ಇನ್ನೊಂದ್ಸಲ ಬರ್ತಾರಾ ಕೇಳಿ ನೋಡಿ. ಈ ಸಲ ಅವರು ಹೇಳಿದ ಹಾಗೆ."

ಭಾಯ್ ಒಪ್ಪಿ, ಎರಡು ಷರತ್ತು ಹೇಳಿದರು. ಮೊಬೈಲ್ ಬ್ಯಾಗಿನಲ್ಲಿರಬೇಕು. ಮೊದಲು ಕೇಳುವುದು ತಾನು.

ಮುಂದಿನ ಶನಿವಾರ ಭಟ್ಟಿ ಹೊತ್ತಿತು. ಮಕ್ಕಳು ಸುತ್ತ ಕೂತರು. ಮೂರನೇ ಕೊಪ್ಪರಿಗೆ ಕಾಯುವಾಗ ಭಾಯ್ ಅನನ್ಯಾಳ ಕಡೆ ತಿರುಗಿ, "ಬೇಟಾ, ನಿನ್ನ ಅಜ್ಜ ಯಾವ ಊರಿನವರು?" ಎಂದರು.

"ಮುಲ್ತಾನ್, ಈಗ ಪಾಕಿಸ್ತಾನದಲ್ಲಿದೆ ಅಂತ ಪಾಪಾ ಹೇಳ್ತಾರೆ."

"ನಿನ್ನ ಅಜ್ಜ?" ಎಂದು ಪಕ್ಕದ ಹುಡುಗನನ್ನು ಕೇಳಿದರು.

"ಗೋರಖ್‌ಪುರ." ಇನ್ನೊಬ್ಬನದ್ದು ಧನ್‌ಬಾದ್. ಮತ್ತೊಬ್ಬಳದ್ದು ಅಲ್ಮೋರಾ. ಮೇಡಂ ಮೈಸೂರು. ನಾನಂತೂ ಕುಂದಾಪುರ.

"ಅಚ್ಛಾ," ಎಂದರು ಭಾಯ್, ತಿದಿ ಒತ್ತುತ್ತ. "ಹಾಗಾದರೆ ಇಲ್ಲಿಯವನು ನಾನೊಬ್ಬನೇ."

ಮಕ್ಕಳು ನಕ್ಕರು. ಭಾಯ್ ಕೂಡ ನಕ್ಕರು. ಆಮೇಲೆ ಯಾರೂ ಏನೂ ಕೇಳಬೇಕಾಗಲಿಲ್ಲ. ಈ ಬಹುಮಹಡಿ ಟವರುಗಳ ಜಾಗದಲ್ಲಿ ಗದ್ದೆಯಿದ್ದಾಗ ಅವರ ಅಜ್ಜ ತಿದಿ ಹೊತ್ತು ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಿದ್ದದ್ದು, ಮದುವೆ ಬಂತೆಂದರೆ ಜಾತಿ ಧರ್ಮ ನೋಡದೆ ಊರಿನ ಪಾತ್ರೆಗಳೆಲ್ಲ ಅವರ ಮುಂದೆ ರಾಶಿ ಬೀಳುತ್ತಿದ್ದದ್ದು, ಸ್ಟೀಲ್ ಬಂದ ಮೇಲೆ ಒಬ್ಬೊಬ್ಬರೇ ಈ ಕೆಲಸ ಬಿಟ್ಟದ್ದು, ಎಲ್ಲ ತಾವೇ ಹೇಳಿದರು. ಇಷ್ಟು ವರ್ಷ ಅವರ ಕೈಯಿಂದ ಪಾತ್ರೆ ಇಸಿದುಕೊಂಡ ನನಗೂ ಇದು ಹೊಸತು. ನಾನು ಯಾವತ್ತು ಕೇಳಿದ್ದೆ?

ಮೊನ್ನೆ ಶಾಲೆಯ ಎಕ್ಸಿಬಿಷನ್. ಒಂದು ಚಾರ್ಟಿನಲ್ಲಿ ನನ್ನ ಫೋಟೋ, ಹೆಸರು, ಊರು. ಪಕ್ಕದ ಚಾರ್ಟಿನಲ್ಲಿ ಹೊಳೆಯುವ ಕೊಪ್ಪರಿಗೆಯ ಚಿತ್ರ, ಕೆಳಗೆ "ಕಲಾಯಿ ಹಾಕುವವರೊಬ್ಬರು ಹೇಳಿದ್ದು" ಎಂದಷ್ಟೆ.

"ಹೆಸರಿಲ್ಲ ಅಂತ ಮಾರ್ಕ್ಸ್ ಕಟ್ ಆಗುತ್ತಾ ಮೇಡಂ?" ಎಂದಳು ಅನನ್ಯಾ.

"ಇಲ್ಲ. ಯಾಕೆ ಹೆಸರಿಲ್ಲ ಅನ್ನೋದನ್ನೂ ನೆನಪಿಟ್ಕೋ," ಎಂದರು ಮೇಡಂ.

ಏಳನೇ ಕ್ಲಾಸಿಗೆ ನಿಂತವನ ಲೆಕ್ಕ ಈಗ ಇಷ್ಟು. ಇಂದಿರಾಪುರಂನಲ್ಲಿ ಒಂದು ಹೋಟೆಲು, ಗ್ರೇಟರ್ ನೋಯ್ಡಾದಲ್ಲಿ ಇನ್ನೊಂದು. ಹತ್ತೊಂಬತ್ತು ಮಂದಿ ಕೆಲಸದವರು. ಕಲಾಯಿ ಹಾಕಿದ ನಾಲ್ಕು ಕೊಪ್ಪರಿಗೆ. ಮತ್ತು ಒಬ್ಬ ಗೆಳೆಯ, ಈ ಅಂಕಣದಲ್ಲಿ ಅವರ ಹೆಸರು ಬರೆಯುವ ಹಾಗಿಲ್ಲ.