ಅಕ್ಕನ ಮನೆಯ ಇಂಗುಕಾಲುವೆ

ಊರಲ್ಲೆಲ್ಲ ಅವನಿಗೆ ಗುಂಡಿಯಣ್ಣ ಎಂದೇ ಹೆಸರು. ಮೂವತ್ತು ವರ್ಷ ಮಾಡಿದ್ದು ಅದೊಂದೇ ಕೆಲಸ: ಕಕ್ಕಸಿನ ಟ್ಯಾಂಕು ಕಟ್ಟುವುದು, ಅದರಿಂದ ಹೊರಬರುವ ನೀರು ಇಂಗಲೆಂದು ಹಿತ್ತಿಲಲ್ಲಿ ಕಾಲುವೆ ತೋಡಿ, ಜಲ್ಲಿ ತುಂಬಿ, ತೂತಿನ ಪೈಪು ಹಾಸಿ ಮಣ್ಣು ಮುಚ್ಚುವುದು. ಅವನ ಕೆಲಸಕ್ಕೆ ಯಾರೂ ಬೆರಳು ತೋರಿಸಿರಲಿಲ್ಲ. ತೋರಿಸಿದವರು ಸ್ವಂತ ಅಕ್ಕನ ಗಂಡ.

ಹದಿನಾಲ್ಕು ವರ್ಷದ ಹಿಂದೆ ಅವರಿಗೆ ಹಾಕಿಕೊಟ್ಟ ಕಾಲುವೆ ಅದು. ಈಗ ಕಕ್ಕಸಿನ ನೀರು ಇಳಿಯುತ್ತಿರಲಿಲ್ಲ, ಹಿತ್ತಿಲಲ್ಲಿ ಕಾಲಿಟ್ಟರೆ ಪಿಚಕ್ಕೆನ್ನುತ್ತಿತ್ತು, ನಾತಕ್ಕೆ ಕಿಟಕಿ ತೆರೆಯುವ ಹಾಗಿರಲಿಲ್ಲ.

"ಏನಪ್ಪಾ, ಊರಿಗೆಲ್ಲ ಒಳ್ಳೇ ಕೆಲಸ, ನಮಗೆ ಮಾತ್ರ ಮಿಕ್ಕಿದ ಜಲ್ಲಿನಾ?" ಎಂದರು ಭಾವ. "ನಾಳೆ ಬೇರೆಯವರನ್ನ ಕರೆಸ್ತೀನಿ."

ಬೇರೆಯವರು ಬಂದರೆ ಮೂವತ್ತು ವರ್ಷದ ಹೆಸರು ಅಂದೇ ಮಣ್ಣುಪಾಲು. "ಇವತ್ತೊಂದಿನ ಬಿಡಿ ಭಾವ. ತಪ್ಪು ನಂದಾದ್ರೆ ನಾನೇ ಹೇಳ್ತೀನಿ," ಎಂದು ಗುಂಡಿಯಣ್ಣ ಹಾರೆ ಹಿಡಿದ.

ಮೊಣಕಾಲುದ್ದ ಅಗೆದಾಗ ಜಲ್ಲಿ ಸಿಕ್ಕಿತು. ಒಂದೊಂದು ಕಲ್ಲಿಗೂ ಕರಿ ಲೋಳೆ ಮೆತ್ತಿತ್ತು. ಒಂದು ಚೊಂಬು ನೀರು ಸುರಿದು ನೋಡಿದ, ಕದಲದೆ ನಿಂತಿತು. ಟ್ಯಾಂಕಿನ ತಳದಲ್ಲಿ ಕೂರಬೇಕಾದ ಹೂಳು ಪೈಪಿಗೆ ಇಳಿದು ಮಣ್ಣಿನ ಬಾಯಿ ಕಟ್ಟಿತ್ತು.

"ಟ್ಯಾಂಕು ಕೊನೇ ಸಲ ಯಾವಾಗ ಖಾಲಿ ಮಾಡಿಸಿದ್ರಿ?"

"ತುಂಬಿದ್ರಲ್ವಾ ಖಾಲಿ ಮಾಡ್ಸೋದು? ಒಂದ್ಸಲನೂ ತುಂಬಿಲ್ಲ," ಎಂದರು ಭಾವ, ಹೆಮ್ಮೆಯಿಂದಲೇ.

"ನೀರು ಹರಿದು ಹೋಗುತ್ತೆ, ಹೂಳು ಹೋಗಲ್ಲ. ಮೂರ್ನಾಲ್ಕು ವರ್ಷಕ್ಕೊಮ್ಮೆ ತೆಗೆಸದಿದ್ರೆ ಅದು ಕಾಲುವೆಗೇ ಬರೋದು."

"ತೆಗೆಸೋಣಪ್ಪಾ. ಮುಚ್ಚಳ ಎಲ್ಲಿದೆ, ಅದನ್ನ ತೋರಿಸು ಮೊದಲು."

ಗುಂಡಿಯಣ್ಣ ಅಂಗಳದ ಟೈಲ್ಸಿನ ಕಡೆ ತಿರುಗಿದ. ಅಂಗಳ ನುಣ್ಣಗಿರಲಿ, ನಟ್ಟನಡುವೆ ಆ ದರಿದ್ರ ಮುಚ್ಚಳ ಬೇಡ ಎಂದು ಅಕ್ಕ ಅಂದು ಹಟ ಹಿಡಿದಿದ್ದಳು. ಬೇರೆ ಯಾರ ಮನೆಯಲ್ಲೂ ಇದಕ್ಕೆ ಒಪ್ಪದವನು, ಅಕ್ಕನ ಮಾತು ಮೀರಲಾರದೆ ಮುಚ್ಚಳದ ಮೇಲೇ ಟೈಲ್ಸ್ ಹಾಸಿದ್ದ.

ಅಕ್ಕ ಬಾಗಿಲಲ್ಲಿ ನೆಲ ನೋಡುತ್ತ ನಿಂತಿದ್ದಳು.

"ತಪ್ಪು ನಂದೇ ಭಾವ. ಮುಚ್ಚಳ ಹೂತಿಟ್ಟವನು ನಾನು."

"ನಾನು ಹೇಳಿದ್ದಕ್ಕೆ ಹೂತಿದ್ದು," ಎಂದಳು ಅಕ್ಕ. "ಅವನ ತಲೆಗೆ ಕಟ್ಬೇಡಿ."

"ನೀನು ಹೇಳ್ತೀಯ. ಕೆಲಸ ಗೊತ್ತಿರೋನು ನಾನಲ್ವಾ?"

ಭಾವ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದರು. ಬೇರೆಯವರ ಮಾತೆತ್ತಲಿಲ್ಲ. "ಸರಿ, ಈಗ ಏನ್ಮಾಡ್ತೀಯ?"

"ಈ ಮಣ್ಣು ಸುಧಾರಿಸಿಕೊಳ್ಳೋಕೆ ವರ್ಷಗಳೇ ಬೇಕು. ಆ ಮಗ್ಗುಲಿಗೆ ಹೊಸ ಕಾಲುವೆ ತೋಡ್ತೀನಿ. ಹೂಳು ತೆಗೆಸಿ ಮುಚ್ಚಳ ಮೇಲಕ್ಕೆ ತರ್ತೀನಿ. ಅಂಗಳ ಒಡೀಬೇಕು ಅಕ್ಕಾ."

ಅಕ್ಕ ಒಳಗೆ ಹೋಗಿ ಸುತ್ತಿಗೆ ತಂದು ಅವನ ಕೈಗಿಟ್ಟಳು.

"ಒಡಿಯೋ. ನಾಲ್ಕೇ ಟೈಲ್ಸು ಮತ್ತೆ. ಐದನೇದಕ್ಕೆ ಕೈ ಹಾಕಿದ್ರೆ ನಾನೇ ಬೇರೆಯವರನ್ನ ಕರೆಸ್ತೀನಿ."