ತಟ್ಟಿನ ಬೆನ್ನಿನ ಹುಣ್ಣು

ತಟ್ಟುಕುದುರೆಯ ಕತೆಗಳೆಂದರೆ ನನಗೆ ಇವತ್ತಿಗೂ ಸಿಟ್ಟು. ಮೊಮ್ಮಗಳಿಗೆ ಯಾರಾದರೂ ಅಂಥ ಪುಸ್ತಕ ತಂದುಕೊಟ್ಟರೆ ಕಪಾಟಿನ ಮೇಲೆ ಎತ್ತಿಟ್ಟುಬಿಡುತ್ತೇನೆ. ಹಾಗಂತ ಸಣ್ಣವಳಿದ್ದಾಗ ನಾನು ಅವುಗಳ ಹುಚ್ಚು ಹಿಡಿಸಿಕೊಳ್ಳದೆ ಇರಲಿಲ್ಲ. ಬಾಗಲಕೋಟೆಯಲ್ಲಿ ಮಾಸ್ತರಾಗಿದ್ದ ಅಪ್ಪ ಹುಬ್ಬಳ್ಳಿಗೆ ಹೋದಾಗಲೆಲ್ಲ ಹಳೆ ಪುಸ್ತಕದ ಗಾಡಿಯಿಂದ ಇಂಗ್ಲಿಷ್ ಪುಸ್ತಕ ತರುತ್ತಿದ್ದರು. ಎಲ್ಲದರಲ್ಲೂ ಒಂದೇ ಕತೆ. ಪಟ್ಟಣದ ಹುಡುಗಿಯರು ಸೂಟಿಗೆಂದು ಯಾವುದೋ ತೋಟಕ್ಕೆ ಹೋಗುತ್ತಾರೆ, ತಲೆಗೊಂದು ತಟ್ಟು ಸಿಗುತ್ತದೆ, ಮೊದಲ ದಿನ ಬೀಳುತ್ತಾರೆ, ಕೊನೆಯ ದಿನ ಗೆಲ್ಲುತ್ತಾರೆ. ಲದ್ದಿ ಎತ್ತುವುದು ಸಹ ಆ ಹುಡುಗಿಯರಿಗೆ ಸಂಭ್ರಮ!

ಅಪ್ಪ ಕನ್ನಡದಲ್ಲಿ ಹೇಳಿದ ಈ ಕತೆಗಳನ್ನು ನಾನು ಬೇಸಿಗೆ ಸೂಟಿಯಲ್ಲಿ ಅವ್ವನ ತವರೂರು ಗುಡೂರಿಗೆ ಒಯ್ದು, ಉಪ್ಪುಖಾರ ಹಚ್ಚಿ ಚಿಗವ್ವನಿಗೆ ಹೇಳುತ್ತಿದ್ದೆ. ಚಿಗವ್ವ ನನ್ನ ಅವ್ವನ ಕೊನೆಯ ತಂಗಿ. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವಳು, ಅಷ್ಟೇ. ಕೂಸಿದ್ದಾಗ ಜ್ವರ ಬಂದು ಅವಳ ಬಲಗಾಲು ಸೊರಗಿಹೋಗಿತ್ತು. ಊರವರು ಗೌಡ್ರು ಎನ್ನುತ್ತಿದ್ದ ಅಜ್ಜನ ಮನೆ ಊರಾಚೆ ಹೊಲದಲ್ಲಿತ್ತು, ಶಾಲೆ ಊರೊಳಗೆ. ನಡೆದು ಹೋಗುವ ಮಾತೇ ಇರಲಿಲ್ಲ. ಅಜ್ಜ ತನ್ನ ಓಡಾಟಕ್ಕೆ ಇಟ್ಟುಕೊಂಡಿದ್ದ ತಟ್ಟೇ ಚಿಗವ್ವನ ಕಾಲಾಯಿತು. ಕಂದು ಬಣ್ಣದ ಬಡಕಲು ಹೆಣ್ಣು ತಟ್ಟು. ನಾಯಿ ಕಚ್ಚಿ ಎಡಗಿವಿಯ ತುದಿ ಹರಿದಿತ್ತು. ಜೀನು ಗೀನು ಏನೂ ಇಲ್ಲ, ಆಯಿ, ಅಂದರೆ ಅವ್ವನ ಅವ್ವ, ತನ್ನ ಹಳೆ ಇಳಕಲ್ ಸೀರೆ, ಅಜ್ಜನ ಹರಿದ ಧೋತರ ಸೇರಿಸಿ ಹೊಲಿದ ಕೌದಿಯನ್ನು ಮಡಚಿ ಬೆನ್ನಿಗೆ ಹಾಕುತ್ತಿದ್ದಳು. ಚಿಗವ್ವ ಅದರ ಮೇಲೆ ಕೂತು ಎದೆ ಸೆಟೆಸಿ ಶಾಲೆಗೆ ಹೋಗುತ್ತಿದ್ದಳು. ನೆಲದ ಮೇಲೆ ಕುಂಟುವವಳು ತಟ್ಟಿನ ಮೇಲೆ ರಾಣಿ.

"ನಾ ಕಲ್ತು ಅಕ್ಕೋರಾಗ್ತೇನಿ ನೋಡು" ಎನ್ನುತ್ತಿದ್ದಳು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಅವಳು ತಟ್ಟಿನ ಮೇಲೆ ಕೂತೇ ಪಾಠ ಹೇಳುವವಳಂತೆ ಕೈ ಆಡಿಸುತ್ತಿದ್ದಳು.

ಆಯಿಗೆ ಮಾತ್ರ ಇದು ಸರಿಬರುತ್ತಿರಲಿಲ್ಲ.

"ದೊಡ್ಡಾಕಿ ಆಗೂತನಕ ಅಷ್ಟ ಮತ್ತ. ಆಮ್ಯಾಲ ಕಾಲ ಅಗಲಿಸಿ ಕುದುರಿ ಮ್ಯಾಲ ಕುಂತ್ರ ಮಂದಿ ಏನಂದಾರು?"

"ಮಂದಿ ಬಂದು ನನ್ನ ಹೊತಗೊಂಡು ಸಾಲಿಗೆ ಒಯ್ತಾರೇನು? ನಾ ತಟ್ಟು ಬಿಡಂಗಿಲ್ಲ" ಎಂದು ಚಿಗವ್ವ ತಿರುಗಿ ಬೀಳುತ್ತಿದ್ದಳು.

ಅವಳು ಏಳನೆಯ ಇಯತ್ತೆ ಮುಗಿಸಿದ ಬೇಸಿಗೆ. ಆ ಸಲ ನಾನು ಒಯ್ದ ಕತೆಯಲ್ಲಿ ಒಬ್ಬ ಹುಡುಗಿ ತಟ್ಟಿನ ಮೇಲೆ ಸೊಟ್ಟಗೆ ಕೂತು ಅದರ ಬೆನ್ನಿಗೆ ಹುಣ್ಣು ಮಾಡುತ್ತಾಳೆ, ಎಲ್ಲರಿಂದ ಬೈಸಿಕೊಳ್ಳುತ್ತಾಳೆ. ಅಂಥ ಪುಸ್ತಕಗಳಲ್ಲಿ ನೀತಿ ಹೇಳಲು ಇಂಥದ್ದೊಂದು ಅಧ್ಯಾಯ ಇದ್ದೇ ಇರುತ್ತದೆ. ಚಿಗವ್ವ ಅಂಬಲಿಯ ಬಟ್ಟಲು ಕೆಳಗಿಟ್ಟು ಕೇಳಿದಳು.

"ಸೊಟ್ಟ ಕುಂತ್ರ ಖರೇನ ಹುಣ್ಣ ಆಗ್ತೈತೇನು?"

"ಹೂಂ. ಪುಸ್ತಕದಾಗ ಬರದೈತಿ."

ಅವಳು ಸೊರಗಿದ ಕಾಲನ್ನು ಲಂಗದೊಳಗೆ ಎಳೆದುಕೊಂಡಳು. ಆಮೇಲೆ ಇನ್ನೊಂದು ಪ್ರಶ್ನೆ. "ಆ ಹುಡಿಗ್ಯಾರು ದೊಡ್ಡಾಕ್ಯಾರ ಆದ ಮ್ಯಾಲ ತಟ್ಟು ಬಿಡತಾರೇನು?" ಪುಸ್ತಕದಲ್ಲಿ ಯಾರೂ ದೊಡ್ಡವರೇ ಆಗುತ್ತಿರಲಿಲ್ಲ.

ಅದಾಗಿ ಕೆಲವು ದಿನಗಳಿಗೆ ಚಿಗವ್ವ ತಟ್ಟಿನ ಮೇಲೆ ಊರ ಗಿರಣಿಗೆ ಹೋಗಿ ಹಿಟ್ಟು ಬೀಸಿಸಿಕೊಂಡು ಸಂಜೆ ಬಂದಳು. ಹೊಟ್ಟೆನೋವೆಂದು ಉಣ್ಣದೆ ಮಲಗಿದಳು. ಮರುದಿನ ಬೆಳಿಗ್ಗೆ ನಾವಿಬ್ಬರೂ ಇನ್ನೂ ಹಾಸಿಗೆಯಲ್ಲಿದ್ದೆವು. ಅಂಗಳದಲ್ಲಿ ಕೌದಿ ಜಾಡಿಸುತ್ತಿದ್ದ ಅಜ್ಜ ಒಮ್ಮೆಲೆ ಕೂಗಿದ.

"ಅಯ್ಯ ಇವನವ್ವನ! ಕೌದಿಗೆ ರಗತ ಆಗೇತಿ. ತಟ್ಟಿನ ಬೆನ್ನಿಗೆ ಹುಣ್ಣಾಗೇತಿ!"

ಚಿಗವ್ವ "ನಂದ ತಪ್ಪು. ಸೊಟ್ಟ ಕುಂತೇನಿ" ಎನ್ನುತ್ತ ತೆವಳಿಕೊಂಡು ಬಾಗಿಲಿಗೆ ಬಂದಳು. ಅಷ್ಟರಲ್ಲಿ ಆಯಿ ಅಜ್ಜನ ಕೈಯಿಂದ ಕೌದಿ ಕಿತ್ತುಕೊಂಡು, ತಿರುವಿ ನೋಡಿ, ಏನೋ ಮೆಲ್ಲಗೆ ಹೇಳಿ ಬಾವಿಯ ಕಡೆ ಹೋಗಿದ್ದಳು. ಅಜ್ಜ ನೆಲ ನೋಡುತ್ತ ನಿಂತ. ಆಮೇಲೆ ತಟ್ಟಿನ ಹಗ್ಗ ಬಿಚ್ಚಿದ.

"ಅಪ್ಪ, ನಾ ನೋಡತೇನಿ ತಡಿ. ಅರಿಶಿಣ ಹಚ್ಚತೇನಿ" ಎಂದಳು ಚಿಗವ್ವ.

"ನೋಡಬ್ಯಾಡ. ಕಮತಗಿ ದನದ ದವಾಖಾನಿಗೆ ಒಯ್ತೇನಿ" ಎಂದ ಅಜ್ಜ ತಿರುಗಿ ನೋಡದೆ ನಡೆದ. ಸಂಜೆ ಬರಿಗೈಯಲ್ಲಿ ಬಂದ. ಹುಣ್ಣಿನ ತಟ್ಟು ಇನ್ನು ಉಪಯೋಗಕ್ಕೆ ಬಾರದು, ಯಾರಿಗೋ ಕೊಟ್ಟುಬಿಟ್ಟೆ ಎಂದ. ಚಿಗವ್ವ ಮೂಲೆ ಹಿಡಿದು ಅತ್ತಳು. ನಾನೂ ಅತ್ತೆ. ತಟ್ಟು ಸತ್ತೇ ಹೋಗುತ್ತದೆಂದು ನಾವಿಬ್ಬರೂ ನಂಬಿದ್ದೆವು.

ಮುಂದಿನ ತಿಂಗಳು ಚಿಗವ್ವ ದೊಡ್ಡವಳಾದಳೆಂದು ಅವ್ವ ಕೊಬ್ಬರಿ ಬೆಲ್ಲ ಕಟ್ಟಿಕೊಂಡು ಗುಡೂರಿಗೆ ಹೋದಳು. ಅಪ್ಪನೂ ಹೋದರು. ಹುಡುಗಿಯ ಶಾಲೆ ಬಿಡಿಸಬಾರದು, ಇನ್ನೊಂದು ತಟ್ಟು ಕೊಳ್ಳಿರೆಂದು ಅಜ್ಜನ ಹತ್ತಿರ ವಾದಕ್ಕೆ ನಿಂತರು.

"ಆಕೀನ್ನ ಕೇಳ್ರಿ. ಆಕಿ ಹೂಂ ಅಂದ್ರ ತರತೇನಿ" ಎಂದ ಅಜ್ಜ.

ಚಿಗವ್ವ ಒಳಗಿನಿಂದಲೇ ಹೇಳಿದಳಂತೆ. "ಬ್ಯಾಡ್ರಿ ಮಾವಾರ. ಸೊಟ್ಟ ಕುಂಡರಾಕಿ ಕೈಯಾಗ ಇನ್ನೊಂದ ಜೀವ ಕೊಡಬ್ಯಾಡ್ರಿ."

ಅಲ್ಲಿಗೆ ಶಾಲೆ ಮುಗಿಯಿತು. ಶ್ಯಾವಿಗೆ ಹೊಸೆಯುವುದು, ಕೌದಿ ಹೊಲಿಯುವುದು. ಕತೆ ಹೇಳಲು ಬಾಯಿ ತೆರೆದರೆ "ಸಾಕವ್ವ ನಿನ್ನ ಪುಸ್ತಕ" ಎನ್ನುತ್ತಿದ್ದಳು. ಜಗಲಿಯ ಮೇಲೆ ಕೂತಾಗಲೂ ಗೋಡೆಗೆ ಬೆನ್ನು ತಾಗಿಸಿ, ನೆಟ್ಟಗಿದ್ದೇನೋ ಇಲ್ಲವೋ ಎಂದು ಹೆಗಲು ನೋಡಿಕೊಳ್ಳುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅವಳು ಬಾಗಲಕೋಟೆಗೆ ನಮ್ಮ ಮನೆಗೆ ಬಂದಳು. ಕರೆಯಲು ನಾನು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಹೊರಗೆ ಟಾಂಗಾಗಳು ಸಾಲಾಗಿ ನಿಂತಿದ್ದವು. ಚಿಗವ್ವ ಒಂದರ ಮುಂದೆ ಗಕ್ಕನೆ ನಿಂತಳು. ಕಂದು ತಟ್ಟು, ಹರಿದ ಎಡಗಿವಿ. ಅವಳು ಹೆಸರು ಹಿಡಿದು ಕರೆದಳು. ಅದು ಕಿವಿ ನಿಮಿರಿಸಿತು.

"ಕಾಕಾ, ಇದರ ಬೆನ್ನ ಮ್ಯಾಲಿಂದು ಒಂದೀಟು ಸರಸ್ರಿ" ಎಂದಳು. ಟಾಂಗಾದ ಮುದುಕ ವಿಚಿತ್ರವಾಗಿ ನೋಡಿ ಪಟ್ಟಿ ಸರಿಸಿದ. ಚಿಗವ್ವ ಕೈಯಾಡಿಸಿದಳು, ಬಗ್ಗಿ ಕೂದಲು ಬಿಡಿಸಿ ಬಿಡಿಸಿ ನೋಡಿದಳು.

"ಏನ ಹುಡಕತಿಯವ್ವಾ?"

"ಹುಣ್ಣಿನ ಕಲಿ."

"ಹುಣ್ಣ? ಗುಡೂರ ಗೌಡ್ರ ಕೈಲೆ ತಗೊಂಡ ದಿನಾನ ನೋಡೇನಿ, ಬೆನ್ನ ಕನ್ನಡಿ ಇದ್ದಂಗ ಇತ್ತು. ಹುಣ್ಣ ಮಾಯ್ದಿದ್ರ ಅಲ್ಲೆ ಬಿಳಿ ಕೂದಲಾ ಬರತಿದ್ವು."

ಒಂದೂ ಬಿಳಿ ಕೂದಲಿರಲಿಲ್ಲ. ನಾವು ಮನೆ ಮುಟ್ಟಿದಾಗ ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಚಿಗವ್ವ ಚಪ್ಪಲಿ ಬಿಟ್ಟವಳೇ ಕೇಳಿದಳು.

"ಅಕ್ಕ, ಕೌದಿಗೆ ರಗತ ಎಲ್ಲಿಂದ ಬಂದಿತ್ತು?"

ಅವ್ವನ ಕೈ ನಿಂತಿತು. "ಕೌದಿ ಮ್ಯಾಲಿನ ಮಗ್ಗಲಿಗಿತ್ತಂತ. ಕೆಳಗ ಕಲೀನ ಇರಲಿಲ್ಲಂತ" ಎಂದಳು. "ಮುಂದಿನ ತಿಂಗಳಲ್ಲ, ನೀ ಆವತ್ತ ದೊಡ್ಡಾಕಿ ಆಗಿದ್ದಿ. ಒಂದೀಟ ಆಗಿ ನಿಂತಿತ್ತು, ನಿನಗ ಗೊತ್ತಾಗಿರಲಿಲ್ಲ. ತಟ್ಟು ಬಿಡು ಅಂದ್ರ ನೀ ಎಲ್ಲಿ ಬಿಡತಿದ್ದಿ? ಅಪ್ಪ ಹುಣ್ಣು ಅಂತ ಒದರಿದ್ದ, ಅದನ್ನ ಹಂಗ ನಡಸಿದ್ರು."

ಹೆಂಚಿನ ಮೇಲೆ ರೊಟ್ಟಿ ಸೀದು ಹೊಗೆ ಬಂತು. ಚಿಗವ್ವ ಅಜ್ಜನನ್ನು ಬಯ್ಯಲಿಲ್ಲ, ಶಾಲೆಯ ಮಾತೆತ್ತಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದಳು.

"ಹಂಗಾರ ನಾ ನೆಟ್ಟಗ ಬರೋಬ್ಬರಿ ಕುಂಡರತಿದ್ದೆ ಹೌದಿಲ್ಲೋ ಅಕ್ಕ?"